ಹುಬ್ಬಳ್ಳಿ ಲೈನಿಗೆ ಒಂದು ಒಡಪು

೮ ಜೂನ್ ೧೯೬೪, ಸೋಮವಾರ

ಆರ್ಡರ್ ಬಂತು. ಧಾರವಾಡದ ಟೆಲಿಫೋನ್ ಎಕ್ಸ್‌ಚೇಂಜಿಗೆ ವರ್ಗ. ನನ್ನನ್ನು ಕುಮಟೆ ಪೋಸ್ಟಾಫೀಸಿನ ಈ ಟೆಲಿಫೋನ್ ಬೋರ್ಡಿನ ಮುಂದಿನಿಂದ ಎಬ್ಬಿಸುವಂತಿಲ್ಲವಲ್ಲ, ಅದಕ್ಕೆ ಪೋಸ್ಟ್ ಮಾಸ್ತರರೇ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತು ಓದಿದರು. ಮೂರು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದ್ದು ಸಾರ್ಥಕವಾಯಿತೆಂದು ನಾನು ಹಿಗ್ಗುವಷ್ಟರಲ್ಲಿ ಕೊನೆಯ ಸಾಲಿಗೆ ಬಂದರು. ಹೊಸಬಳೊಬ್ಬಳನ್ನು ನಾನು ಕೆಲಸಕ್ಕೆ ತಯಾರು ಮಾಡಬೇಕು, ಹುಬ್ಬಳ್ಳಿಯ ಸಾಹೇಬರು ಬಂದು ಅವಳನ್ನು ಪರೀಕ್ಷೆ ಮಾಡಬೇಕು, ಅವಳು ಪಾಸಾದ ಮೇಲೆ ನನಗೆ ಬಿಡುಗಡೆ.

ಇದೇನು ನನಗೆ ಹೊಸದಲ್ಲ. ಹಿಂದೆ ಕಮಲಿಯನ್ನು ಎರಡು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ಕೈ ಕುದುರುವ ಹೊತ್ತಿಗೆ ಭಟ್ಕಳಕ್ಕೆ ಮದುವೆಯಾಗಿ ಹೋದಳು. ಆಮೇಲೆ ಮಂಜಿ. ಕಳೆದ ತಿಂಗಳು ನೆಹರೂ ತೀರಿಕೊಂಡ ದಿನ ಊರಿನವರೆಲ್ಲ ಒಟ್ಟಿಗೆ ಫೋನು ಎತ್ತಿದರು, ಬೋರ್ಡಿನಲ್ಲಿ ಒಬ್ಬೊಬ್ಬರ ನಂಬರಿನ ಮೇಲಿರುವ ತಗಡಿನ ಮುಚ್ಚಳಗಳು ಒಂದರ ಹಿಂದೆ ಒಂದು ಟಕಟಕ ಬಿದ್ದವು. ಮಂಜಿ ಹೆಡ್‌ಸೆಟ್ ತೆಗೆದಿಟ್ಟು ‘ಈಗ ಬಂದೆ’ ಎಂದು ಹೋದವಳು ಇನ್ನೂ ಬಂದಿಲ್ಲ.

ಧಾರವಾಡದಲ್ಲಿ ಇವರು ಸಹಕಾರಿ ಸಂಘದ ಆಫೀಸಿನಲ್ಲಿದ್ದಾರೆ. ಮದುವೆಯಾಗಿ ನಾಲ್ಕು ವರ್ಷವಾಯಿತು. ಒಟ್ಟಿಗೆ ಇದ್ದದ್ದು ಚೌತಿ, ಯುಗಾದಿಯ ರಜೆಗಳಲ್ಲಿ ಮಾತ್ರ. ಉಳಿದ ದಿನವೆಲ್ಲ ನಾನು ಹೊಳನಗದ್ದೆಯ ಮನೆಯಲ್ಲಿ ಅತ್ತೆ, ಭಾವನವರು, ಓರಗಿತ್ತಿ, ಅವಳ ಮಕ್ಕಳ ಜೊತೆ. ಬೆಳಿಗ್ಗೆ ಒಲೆಯ ಮುಂದೆ, ಹಗಲೆಲ್ಲ ಬೋರ್ಡಿನ ಮುಂದೆ, ಸಂಜೆ ಮತ್ತೆ ಒಲೆಯ ಮುಂದೆ. ತಲೆಗೆ ಹಾಕಿದ ಹೆಡ್‌ಸೆಟ್ಟಿನ ವೈರು ಎಷ್ಟು ಗಿಡ್ಡವೆಂದರೆ ಮೂಲೆಯಲ್ಲಿರುವ ನೀರಿನ ಹೂಜಿ ಕೈಗೆ ಸಿಗುವುದಿಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆಗೆ ನನಗಿಂತ ಉದ್ದದ ಹಗ್ಗ ಇರುತ್ತದೆ.

೧೫ ಜೂನ್, ಸೋಮವಾರ

ಹೊಸಬಳು ಬಂದಳು. ಹೊನ್ನಮ್ಮ, ಹಿರೇಗುತ್ತಿಯವಳು. ಎಸ್ಸೆಸ್ಸೆಲ್ಸಿ ಪಾಸು. ಮದುವೆಯಾಗಿ ಒಂದು ವರ್ಷ. ಕುಮಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ದಾಳೆ. ಗಂಡ ಲಾರಿ ಡ್ರೈವರ್, ದೇವಿಮನೆ ಘಟ್ಟದ ಮೇಲೆ ಹುಬ್ಬಳ್ಳಿಗೆ ಹೋಗಿ ಬಂದು ಮಾಡುತ್ತಾನಂತೆ. ಮದುವೆಯಾದವಳು ಎಂದು ಕೇಳಿ ನನಗೆ ಸಮಾಧಾನವಾಯಿತು. ಕಮಲಿಯ ಹಾಗೆ ಮಾಡಲಾರಳು.

ತಲೆಗೆ ಎಣ್ಣೆ ಬಳಿದುಕೊಂಡು ಬಂದಿದ್ದಳು. ಹೆಡ್‌ಸೆಟ್ ಜಾರಿ ಜಾರಿ ಕುತ್ತಿಗೆಗೆ ಬಿತ್ತು. ನಾಳೆಯಿಂದ ಎಣ್ಣೆ ಬೇಡ ಎಂದೆ. ‘ನಂಬರ್ ಪ್ಲೀಸ್’ ಎಂದು ಹೇಳಿಕೊಟ್ಟರೆ ದೇವರ ಮುಂದೆ ನಿಂತವಳ ಹಾಗೆ ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಕಣ್ಣು ಮುಚ್ಚಿದರೆ ಯಾವ ಮುಚ್ಚಳ ಬಿತ್ತೆಂದು ನೋಡುವವರು ಯಾರು ಎಂದು ಕೇಳಿದೆ. ನಕ್ಕಳು. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

೨೬ ಜೂನ್, ಶುಕ್ರವಾರ

ಹುಡುಗಿ ಚುರುಕು. ಒಂದು ಸಲ ಹೇಳಿದ ನಂಬರು ಮರೆಯುವುದಿಲ್ಲ. ಪ್ಲಗ್ ಚುಚ್ಚುವಾಗ ಕೈ ನಡುಗುವುದಿಲ್ಲ. ಜಗಳವಾಡುವ ಗಿರಾಕಿಗಳನ್ನು ‘ಆತು, ಆತು’ ಎಂದು ತಣ್ಣಗೆ ಮಾಡುತ್ತಾಳೆ. ಹೀಗೇ ಆದರೆ ಆಗಸ್ಟಿನಲ್ಲಿ ಸಾಹೇಬರನ್ನು ಕರೆಸಬಹುದು ಎಂದರು ಮಾಸ್ತರರು. ಚೌತಿಯ ಹಬ್ಬ ಮುಗಿಸಿ ಇವರ ಜೊತೆಯಲ್ಲೇ ಬಸ್ಸು ಹತ್ತಬಹುದು. ಟ್ರಂಕು ಹೊರಗೆ ತೆಗೆದು ಒರೆಸಿ ಇಟ್ಟಿದ್ದೇನೆ.

೭ ಜುಲೈ, ಮಂಗಳವಾರ

ಹಿಗ್ಗಿದ್ದು ಸಾಕು.

ಹೊನ್ನಾವರದಿಂದ ಒಂದು ಟ್ರಂಕ್ ಕಾಲ್ ಬಂದಿತ್ತು, ಪಿ.ಪಿ. ಕಾಲ್. ಅಂದರೆ ಹೆಸರು ಹೇಳಿದ ಮನುಷ್ಯನೇ ಲೈನಿಗೆ ಬರಬೇಕು, ಬೇರೆಯವರಿಗೆ ಕೊಡುವಂತಿಲ್ಲ. ಕೊಬ್ಬರಿ ವ್ಯಾಪಾರದ ಮಹಾಬಲೇಶ್ವರ ಶೆಟ್ಟರಿಗೆ ಬಂದ ಕಾಲ್. ಹೊನ್ನಮ್ಮ ಅಂಗಡಿಗೆ ಲೈನ್ ಕೊಟ್ಟು ‘ಶೆಟ್ಟರು ಇದ್ದಾರಾ’ ಎಂದಷ್ಟೇ ಕೇಳಿದಳು. ಅಂಗಡಿಯಲ್ಲಿ ಅವರ ತಮ್ಮ ಕೂತಿದ್ದರು, ಅವರೂ ಶೆಟ್ಟರೇ. ಇದ್ದೇನೆ ಎಂದರು. ಅಣ್ಣ ಊಟ ಮುಗಿಸಿ ಬರುವಷ್ಟರಲ್ಲಿ ತಮ್ಮ ಕೊಬ್ಬರಿಯನ್ನೆಲ್ಲ ಹೊನ್ನಾವರದವರು ಹೇಳಿದ ದರಕ್ಕೆ ಕೊಟ್ಟುಬಿಟ್ಟಿದ್ದರು. ಸಂಜೆ ಅಣ್ಣ ಶೆಟ್ಟರು ಪೋಸ್ಟಾಫೀಸಿನ ಕಟಕಟೆಗೆ ಗುದ್ದಿ ಗುದ್ದಿ ಕೂಗಾಡಿದರು.

ಪೂರ್ತಿ ಹೆಸರು ಯಾಕೆ ಕೇಳಲಿಲ್ಲ ಎಂದು ನಾನು ಗದರಿದೆ. ತಲೆ ತಗ್ಗಿಸಿ ಕೂತಳು. ಹಾಗೇ ಹೇಳಿದಳು.

“ಅದು ನಮ್ಮನೆಯವ್ರ ಹೆಸ್ರು ಅಕ್ಕಾ. ನಾ ಹೇಳೂಕೆ ಆಗೂದಿಲ್ಲ.”

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಅದೂ ಮಳೆಗಾಲ, ಘಟ್ಟದಲ್ಲಿ ಕಲ್ಲು ಉರುಳುವ ಕಾಲ, ಅವನು ಆ ರಸ್ತೆಯಲ್ಲೇ ಇರುವವನು. ಬೇರೆ ಏನು ಬೇಕಾದರೂ ಕಲಿಯುತ್ತೇನೆ, ಇದೊಂದು ಬೇಡ ಎಂದಳು. ಇದೊಂದು ಬೇಡವಂತೆ! ಗೋಕರ್ಣ ಕೂಗಳತೆಯಲ್ಲಿರುವ ಊರು ಇದು. ಇಲ್ಲಿ ಮನೆಗೊಬ್ಬ ಮಹಾಬಲೇಶ್ವರ ಇದ್ದಾನೆ. ಅಕ್ಕಿ ಗಿರಣಿಯವರು, ಬಟ್ಟೆ ಅಂಗಡಿಯವರು, ಹಲ್ಲಿನ ಡಾಕ್ಟರು, ಎಲ್ಲರೂ ಅವನೇ. ಆ ಹೆಸರು ಬಿಟ್ಟು ಕುಮಟೆಯಲ್ಲಿ ಟೆಲಿಫೋನು ನಡೆಸುವುದೂ ಉಪ್ಪು ಬಿಟ್ಟು ಅಡುಗೆ ಮಾಡುವುದೂ ಒಂದೇ.

ಇನ್ನೊಂದು ದೂರು ಬಂದರೆ ಇವಳನ್ನು ಕಳಿಸಿ ಬೇರೆಯವಳನ್ನು ಹುಡುಕಬೇಕಾಗುತ್ತದೆ ಎಂದರು ಮಾಸ್ತರರು. ಬೇರೆಯವಳು ಸಿಗುವುದಕ್ಕೆ ಮತ್ತೆ ಆರು ತಿಂಗಳು. ಓದಿದ ಹುಡುಗಿಯರಿಗೆ ಈ ಮೂಢನಂಬಿಕೆ ಹೇಗೆ ಅಂಟಿಕೊಳ್ಳುತ್ತದೋ. ಇವರಿದ್ದಿದ್ದರೆ ಕೇಳಿ ನಗುತ್ತಿದ್ದರು.

೧೪ ಜುಲೈ

ಈಗ ನಡೆಯುತ್ತಿರುವುದು ಇಷ್ಟು. ಆ ಹೆಸರಿನ ಕಾಲ್ ಬಂದಾಗ ಹೊನ್ನಮ್ಮ ನನ್ನ ಸೆರಗು ಜಗ್ಗುತ್ತಾಳೆ. ನಾನು ಬಾಗಿ ಅವಳ ಮೈಕಿಗೆ ‘ಮಹಾಬಲೇಶ್ವರ’ ಎನ್ನುತ್ತೇನೆ. ಮುಂದಿನದನ್ನು ಅವಳು ಮಾಡುತ್ತಾಳೆ. ಕೆಲಸವೇನೋ ಸಾಗುತ್ತದೆ, ಆದರೆ ನಾನು ಈ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಅವಳ ಗಂಡನ ಹೆಸರು ಹೇಳುವುದಕ್ಕಾಗಿ ನಾನು ಜನ್ಮವಿಡೀ ಕುಮಟೆಯಲ್ಲಿ ಕೊಳೆಯಬೇಕೇ?

ಮಳೆ ಬಿಟ್ಟಿಲ್ಲ. ಕೋಣೆಯ ಒಂದೇ ಒಂದು ಕಿಟಕಿ ಪಕ್ಕದ ಗೋಡೆಗೆ ತೆರೆದುಕೊಳ್ಳುತ್ತದೆ. ಆ ಗೋಡೆಯ ಪಾಚಿ ನೋಡಿ ನೋಡಿ ಸಾಕಾಗಿದೆ.

೩೦ ಜುಲೈ, ಗುರುವಾರ

ಇವತ್ತು ನಡೆದದ್ದನ್ನು ಬರೆಯದೆ ಮಲಗಿದರೆ ನಿದ್ದೆ ಬರಲಾರದು.

ಅಕ್ಕಿ ಗಿರಣಿಯಿಂದ ಹುಬ್ಬಳ್ಳಿಗೆ ಪಿ.ಪಿ. ಕಾಲ್ ಬುಕ್ಕಾಗಿತ್ತು. ಅಲ್ಲಿ ಮಾತಾಡಬೇಕಾದವನೂ ಒಬ್ಬ ಮಹಾಬಲೇಶ್ವರ. ಹೊನ್ನಮ್ಮ ಸೆರಗು ಜಗ್ಗಿದಳು. ನನಗೆ ಬೆಳಿಗ್ಗೆಯಿಂದ ತಲೆನೋವು. ಓರಗಿತ್ತಿಯ ಮಗುವಿಗೆ ಜ್ವರವೆಂದು ಒಲೆಯ ಕೆಲಸವೆಲ್ಲ ನನ್ನ ತಲೆಗೇ ಬಿದ್ದಿತ್ತು. ಸೆರಗು ಬಿಡಿಸಿಕೊಂಡು, ಹೇಳುವುದಿಲ್ಲ ಹೋಗು ಎಂದೆ. ಮದುವೆಯ ದಿನ ಬಾಗಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆಗ ಹೇಳಿದ್ದೆಯೋ ಇಲ್ಲವೋ ಎಂದು ಕೇಳಿದೆ. ಹೇಳಿದ್ದೆ ಎಂದಳು. ಆಗ ಆಯುಷ್ಯ ಕಡಿಮೆಯಾಗಲಿಲ್ಲವೇ ಎಂದೆ.

“ಅದು ಒಡಪಿನಲ್ಲಿ ಅಲ್ಲವಾ ಅಕ್ಕಾ. ಒಡಪು ಕಟ್ಟಿ ಅದರೊಳ್ಗೆ ಹೆಸ್ರು ಹೇಳಿದ್ರೆ ಎಂತ ದೋಷವೂ ಇಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಹುಬ್ಬಳ್ಳಿಯವರಿಗೂ ಒಡಪೇ ಹೇಳು, ಕೇಳಿಸಿಕೊಳ್ಳಲಿ ಎಂದುಬಿಟ್ಟೆ.

ಹುಬ್ಬಳ್ಳಿಯ ಆಪರೇಟರ್ ಪಾಂಡು ಅಷ್ಟರಲ್ಲಿ ಲೈನಿಗೆ ಬಂದು ಯಾರಿಗೆ ಕಾಲ್ ಎಂದು ಕೇಳುತ್ತಿದ್ದ. ಈ ಪಾಂಡುವಿನ ಮುಖವನ್ನು ನಾನು ಕಂಡಿಲ್ಲ, ಐದು ವರ್ಷದಿಂದ ಧ್ವನಿ ಮಾತ್ರ ಗೊತ್ತು. ಹೊನ್ನಮ್ಮ ನೆಟ್ಟಗೆ ಕೂತಳು, ಸೆರಗು ಸರಿಮಾಡಿಕೊಂಡಳು, ಹೊಸ್ತಿಲ ಮುಂದೆ ನಿಂತ ಮದುಮಗಳ ಹಾಗೆ ರಾಗ ಎಳೆದು ಶುರುಮಾಡಿಯೇಬಿಟ್ಟಳು.

“ಹಿತ್ತಾಳೆ ತಂಬಿಗೆ, ಕೈಕಾಲಿಗೆ ನೀರು,
ಘಟ್ಟ ಇಳಿದು ಮನೆಗೆ ಬಂದವ್ರು ಯಾರು?
ಮಹಾಬಲೇಶ್ವರ.”

ನಾನು ಬಾಯಿಗೆ ಕೈ ಹಿಡಿದೆ. ಕೆಲಸ ಹೋಯಿತು ಎಂದುಕೊಂಡೆ, ಅವಳದ್ದೂ ನನ್ನದೂ. ಆಮೇಲೆ ಪಾಂಡುವಿನ ಧ್ವನಿ ಬಂತು, ನಗು ತಡೆದುಕೊಂಡು ಕೇಳುತ್ತಿದ್ದ: “ಇನ್ನೊಮ್ಮೆ ಹೇಳ್ರೀ ಅಕ್ಕಾರ, ಇಲ್ಲೆ ನಮ್ಮ ಮಂದಿನೂ ಕೇಳಬೇಕಂತ.”

ಇನ್ನೊಮ್ಮೆ ಹೇಳಿದಳು. ಕಾಲ್ ಸಿಕ್ಕಿತು. ಗಿರಣಿಯವರು ಮಾತಾಡಿದರು.

ನಾನು ನಗಬೇಕೋ ಅಳಬೇಕೋ ತಿಳಿಯದೆ ಹೂಜಿಯ ನೀರು ಕುಡಿದು ಬಂದೆ. ಹೌದು, ಇವತ್ತು ಎದ್ದು ಹೋಗಿ ಕುಡಿದೆ. ಬೋರ್ಡು ಅವಳ ಕೈಯಲ್ಲಿತ್ತು.

೩೧ ಜುಲೈ

ಮಾಸ್ತರರಿಗೆ ಹೇಳಿಲ್ಲ. ಒಡಪು ಹಾಡುವ ಆಪರೇಟರನ್ನು ಯಾವ ಸಾಹೇಬ ಪಾಸು ಮಾಡುತ್ತಾನೆ? ಆದರೂ ಒಂದು ದಾರಿ ಕಾಣುತ್ತಿದೆ. ಹೆಸರು ಬಾಯಿಂದ ಹೊರಗೆ ಬಂತಲ್ಲ, ಅದು ದೊಡ್ಡದು. ಉಳಿದದ್ದನ್ನು ಒಂದೊಂದಾಗಿ ಕತ್ತರಿಸಬೇಕು.

೧೨ ಆಗಸ್ಟ್, ಬುಧವಾರ

ತಂಬಿಗೆ ಹೋಯಿತು. ‘ತಂಬಿಗೆಯ ಸಾಲು ಮನಸ್ಸಿನಲ್ಲಿ ಹೇಳಿಕೊ, ಎರಡನೆಯದನ್ನು ಮಾತ್ರ ಬಾಯಲ್ಲಿ ಹೇಳು’ ಎಂದು ಹತ್ತು ದಿನ ಅಭ್ಯಾಸ ಮಾಡಿಸಿದೆ. ಮನಸ್ಸಿನಲ್ಲಿ ಹೇಳಿಕೊಂಡರೂ ಒಡಪು ಒಡಪೇ ತಾನೇ ಎಂದು ಕೇಳಿದಳು. ನಾನು ಯಾವ ಶಾಸ್ತ್ರ ಓದಿದ್ದೇನೆ? ಒಡಪೇ ಎಂದು ಭರವಸೆ ಕೊಟ್ಟೆ. ಈಗ ‘ಘಟ್ಟ ಇಳಿದು ಬಂದವ್ರು ಯಾರು, ಮಹಾಬಲೇಶ್ವರ’ ಎಂದಷ್ಟೇ ಹೇಳುತ್ತಾಳೆ. ರಾಗ ಇನ್ನೂ ಬಿಟ್ಟಿಲ್ಲ.

ಒಬ್ಬರಿಗೆ ಕಲಿಸುವುದೆಂದರೆ ಅವರ ತಲೆಯೊಳಗೆ ಹೋಗಿ ಕೂರುವುದು. ನಾನು ಕಮಲಿಗೂ ಮಂಜಿಗೂ ಹೀಗೆ ಕಲಿಸಿರಲಿಲ್ಲ. ಮುಚ್ಚಳ, ಪ್ಲಗ್, ನಂಬರು, ಅಷ್ಟೇ.

೨೧ ಆಗಸ್ಟ್, ಶುಕ್ರವಾರ

ಮಧ್ಯಾಹ್ನ ಲೈನುಗಳು ತಣ್ಣಗಿದ್ದವು. ಹೊನ್ನಮ್ಮ ನನ್ನ ಮದುವೆಯ ಒಡಪು ಕೇಳಿದಳು. ನಾನು ಹೇಳಿರಲಿಲ್ಲ ಎಂದೆ. ನಿಜ ಅದೇ. ಹೊಳನಗದ್ದೆಯ ಬಾಗಿಲಲ್ಲಿ ಇವರ ಅಕ್ಕ ಅಡ್ಡ ನಿಂತು ಹೆಸರು ಹೇಳಿದರೆ ಮಾತ್ರ ಒಳಗೆ ಎಂದಿದ್ದರು. ನಾನು ಆಗಲೇ ಕೆಲಸದಲ್ಲಿದ್ದವಳು, ಇಂಥದ್ದೆಲ್ಲ ಹಳೆಯ ಕಾಲದ್ದೆಂದು ಬಾಯಿ ಬಿಗಿದುಕೊಂಡು ನಿಂತೆ. ಕೊನೆಗೆ ಇವರೇ ಬೇಸತ್ತು ಒಳಗೆ ಬಿಡಿ ಅತ್ಲಾಗೆ ಎಂದರು. ಹಾಗೇ ಒಳಗೆ ಹೋದೆ.

ಹೆಸರು ಎಂತ ಅವರದ್ದು ಎಂದು ಕೇಳಿದಳು. ಬಿ.ವಿ. ನಾಯಕ ಎಂದೆ. ಬಿ ಅಂದರೆ ಎಂತ ಎಂದಳು. ಕೆಲಸ ನೋಡು ಎಂದೆ. ಬಹಳ ಹೊತ್ತು ನಗುತ್ತಿದ್ದಳು.

ಇವರ ಆಫೀಸಿನಲ್ಲಿ ಫೋನು ಇದೆಯಂತಲ್ಲ, ಬೋರ್ಡು ಕೈಯಲ್ಲೇ ಇದೆ, ಒಮ್ಮೆಯೂ ಯಾಕೆ ಮಾತಾಡುವುದಿಲ್ಲ ಎಂದೂ ಕೇಳಿದಳು. ಆಪರೇಟರುಗಳು ಸ್ವಂತ ಕಾಲ್ ಮಾಡಕೂಡದು, ಮಾಡಬೇಕಾದರೆ ಎಲ್ಲರ ಹಾಗೆ ಹೊರಗೆ ಬುಕ್ ಮಾಡಬೇಕು ಎಂಬ ನಿಯಮ ಹೇಳಿದೆ. ಹೊರಗೆ ಬುಕ್ ಮಾಡಬಹುದಲ್ಲ ಎಂದಳು. ಅಷ್ಟರಲ್ಲಿ ಹಲ್ಲಿನ ಡಾಕ್ಟರ ಮುಚ್ಚಳ ಬಿತ್ತು. ಒಳ್ಳೆಯದೇ ಆಯಿತು.

೧೩ ಸೆಪ್ಟೆಂಬರ್, ಭಾನುವಾರ

ಇವರು ಚೌತಿಗೆ ಬಂದಿದ್ದರು. ಇವತ್ತು ಬೆಳಗಿನ ಬಸ್ಸಿಗೆ ಹೋದರು.

ಸಾಹೇಬರು ಆಗಸ್ಟಿನಲ್ಲಿ ಬರಲಿಲ್ಲ, ಅಕ್ಟೋಬರಿನಲ್ಲಿ ಬರಬಹುದು, ಹುಡುಗಿ ಪಾಸಾದರೆ ನಾನು ದೀಪಾವಳಿಗೆ ಧಾರವಾಡದಲ್ಲಿರುತ್ತೇನೆ ಎಂದು ಹೇಳಿದೆ. ಒಳ್ಳೆಯದಾಯಿತು ಎಂದರು. ಅಕ್ಕನ ಗಂಡುಮಕ್ಕಳು ನಾಲ್ವರು ಕಾಲೇಜಿಗೆಂದು ಬಂದು ಇವರ ಮನೆಯಲ್ಲೇ ಇದ್ದಾರಂತೆ. ಖಾನಾವಳಿಯ ಊಟ ಯಾರಿಗೂ ಒಗ್ಗುತ್ತಿಲ್ಲವಂತೆ. ಹುಡುಗರನ್ನು ಏಳಕ್ಕೆ ಕಳಿಸಬೇಕು, ಮಧ್ಯಾಹ್ನಕ್ಕೆ ಬುತ್ತಿ ಆಗಬೇಕು. ಪಾಳಿ ಗೀಳಿ ಎಂದು ನಾನು ಕೆಲಸಕ್ಕೆ ಹೋದರೆ ಇದೆಲ್ಲ ಎಲ್ಲಿ ಆಗುತ್ತದೆ?

“ನೀ ಅಲ್ಲಿ ಹಾಜರಾಗೂದು ಎಂತಕ್ಕೆ? ಇಲ್ಲೇ ರಾಜೀನಾಮೆ ಕೊಟ್ಟು ಬಂದುಬಿಡು.”

ಅತ್ತೆ ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಇವರು ಹೇಳುವುದರಲ್ಲೂ ತಪ್ಪೇನಿಲ್ಲ. ಮನೆ ಎಂದ ಮೇಲೆ ಅಡುಗೆ ಆಗಬೇಕು. ನಾಲ್ಕು ವರ್ಷ ಒಬ್ಬರೇ ಕಷ್ಟಪಟ್ಟಿದ್ದಾರೆ. ನಾನು ವರ್ಗ ಕೇಳಿದ್ದೇ ಇವರ ಜೊತೆ ಇರಬೇಕೆಂದು. ಇರಬಹುದಲ್ಲ ಇನ್ನು.

೧೪ ಸೆಪ್ಟೆಂಬರ್

ತಲೆನೋವು. ಕೆಲಸಕ್ಕೆ ಹೋಗಿ ಬಂದೆ.

೧೭ ಸೆಪ್ಟೆಂಬರ್

ಸಂಜೆ ಅತ್ತೆ ಬಾವಿಕಟ್ಟೆಯ ಹತ್ತಿರ ಬಂದು ನಿಂತರು. ಈ ಮನೆಗೆ ಬಂದಾಗಿನಿಂದ ನನ್ನ ಸಂಬಳದ ಬಗ್ಗೆಯಾಗಲಿ ಕೆಲಸದ ಬಗ್ಗೆಯಾಗಲಿ ಒಂದು ಒಳ್ಳೆಯ ಮಾತು ಆಡಿದವರಲ್ಲ.

“ನೌಕರಿ ಬಿಟ್ಟು ಹೋಗೂದಾದ್ರೆ ಅಷ್ಟು ದೂರ ಎಂತಕ್ಕೆ ಹೋಗ್ತೆ? ಒಲೆ ಇಲ್ಲೂ ಅದೆ.”

ನನ್ನನ್ನು ಇಲ್ಲೇ ಇಟ್ಟುಕೊಳ್ಳುವ ಹೂಟವೋ ಏನೋ. ಈ ಮುದುಕಿಯ ಮಾತಿಗೆ ತಲೆ ಬುಡ ತಿಳಿಯುವುದಿಲ್ಲ.

೨೯ ಸೆಪ್ಟೆಂಬರ್, ಮಂಗಳವಾರ

ಹೊನ್ನಮ್ಮ ಈಗ ರಾಗ ಎಳೆಯುವುದಿಲ್ಲ. ಒಡಪೂ ಇಲ್ಲ, ಮನಸ್ಸಿನಲ್ಲಿ ಮಾತ್ರ. ಆಟವೊಂದು ತಾನಾಗಿ ಹುಟ್ಟಿಕೊಂಡಿದೆ. ಪಾಂಡು ಹುಬ್ಬಳ್ಳಿಯಿಂದ ‘ಯಾರ್ರೀ?’ ಎಂದು ಕೇಳುತ್ತಾನೆ, ಅವಳು ‘ಮಹಾಬಲೇಶ್ವರ’ ಎನ್ನುತ್ತಾಳೆ. ಒಡಪಿನ ‘ಯಾರು’ ಅವನ ಬಾಯಿಂದ ಬರುತ್ತದೆ, ಹೆಸರು ಇವಳ ಬಾಯಿಂದ. ಪಕ್ಕದಲ್ಲಿ ಕೂತವರಿಗೆ ಏನೂ ತಿಳಿಯುವುದಿಲ್ಲ. ಹೊನ್ನಾವರದವರಿಗೂ ಹಾಗೆಯೇ ಕೇಳಬೇಕೆಂದು ಹೇಳಿಟ್ಟಿದ್ದಾಳೆ. ಊರಿನ ಅಂಗಡಿಗಳವರು ಫೋನು ಎತ್ತಿದ ಕೂಡಲೇ ‘ಯಾರು’ ಎಂದು ಕೇಳುವುದು ಇದ್ದದ್ದೇ.

ಹೀಗೆ ಕೈ ಕುದುರಿದವಳನ್ನು ಕಂಡು ನನಗೆ ಸಂತೋಷವಾಗಬೇಕು. ಮಾಸ್ತರರು ಸಾಹೇಬರಿಗೆ ಬರೆಯಲೇ ಎಂದು ಕೇಳಿದರು. ಸ್ವಲ್ಪ ದಿನ ಹೋಗಲಿ, ಹುಡುಗಿ ಇನ್ನೂ ಹಸಿ ಎಂದೆ. ಅವರು ಕನ್ನಡಕ ಮೇಲೆ ಮಾಡಿ ನನ್ನನ್ನು ನೋಡಿದರು. ಎರಡು ತಿಂಗಳ ಹಿಂದೆ ದಿನಾ ಬೆಳಗಾದರೆ ಬರೆಯಿರಿ ಬರೆಯಿರಿ ಎಂದು ಅವರ ತಲೆ ತಿಂದವಳು ನಾನೇ ಎಂದರು. ಕಲಿಸುವುದಾದರೆ ಗಟ್ಟಿಯಾಗಿ ಕಲಿಸಬೇಕಲ್ಲ. ಅಷ್ಟೇ ನನ್ನ ಅಭಿಪ್ರಾಯ.

೫ ಅಕ್ಟೋಬರ್

ಸಾಹೇಬರು ಯಾರೂ ಕರೆಯದೆ ತಾವೇ ಬರುತ್ತಾರಂತೆ. ಹದಿನಾಲ್ಕಕ್ಕೆ. ಟ್ರಂಕಿನ ಮೇಲೆ ಓರಗಿತ್ತಿ ಹುಣಸೆಹಣ್ಣು ಒಣಹಾಕಿದ್ದಾಳೆ. ತೆಗೆಯಲು ಹೇಳಲಿಲ್ಲ.

೧೪ ಅಕ್ಟೋಬರ್, ಬುಧವಾರ

ಪರೀಕ್ಷೆ ಮುಗಿಯಿತು.

ಬೆಳಿಗ್ಗೆ ಹೊನ್ನಮ್ಮ ಬಂದಾಗಲೇ ಕಣ್ಣು ಕೆಂಪಗಿದ್ದವು. ಸೋಮವಾರ ಸಂಜೆಗೆ ಬರಬೇಕಾಗಿದ್ದ ಗಂಡ ಬಂದಿರಲಿಲ್ಲ. ಮೊನ್ನೆಯ ಗುಡುಗು ಮಳೆಗೆ ಘಟ್ಟದಲ್ಲಿ ಗುಡ್ಡ ಜರಿದಿದೆ ಎಂದು ಬಸ್ಸಿನವರು ಹೇಳಿದ್ದರಂತೆ. ಘಟ್ಟದ ಮೇಲಿನವರನ್ನು ಕೇಳೋಣವೆಂದರೆ ಸಿರ್ಸಿಯ ಲೈನೂ ಸತ್ತಿತ್ತು. ಇವತ್ತು ಬೇಡ, ಸಾಹೇಬರಿಗೆ ಹೇಳಿ ಮುಂದೆ ಹಾಕಿಸುತ್ತೇನೆ ಎಂದೆ. ಬೇಡ ಅಕ್ಕಾ, ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಹೆಡ್‌ಸೆಟ್ ಹಾಕಿಕೊಂಡಳು.

ಸಾಹೇಬರು ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಪಕ್ಕದಲ್ಲೇ ಕೂತರು. ನಾನು ಹಿಂದೆ, ಗೋಡೆಗೆ ಒರಗಿ ನಿಂತೆ. ಊರಿನ ಕಾಲ್‌ಗಳೆಲ್ಲ ಸಲೀಸಾಗಿ ಹೋದವು. ಆಮೇಲೆ ಅಕ್ಕಿ ಗಿರಣಿಯಿಂದ ಹುಬ್ಬಳ್ಳಿಗೆ ಪಿ.ಪಿ. ಕಾಲ್ ಬಂತು. ಅದೇ ಗಿರಣಿ, ಅದೇ ಹೆಸರು. ಪಾಂಡು ಲೈನಿಗೆ ಬಂದ. ಸಾಹೇಬರು ಕೇಳುತ್ತಿದ್ದಾರೆಂದು ಅವನಿಗೆ ಗೊತ್ತಿರಬೇಕು, ಪುಸ್ತಕದಲ್ಲಿರುವ ಹಾಗೆ ‘ಪರ್ಟಿಕ್ಯುಲರ್ ಪರ್ಸನ್ ಪ್ಲೀಸ್’ ಎಂದ. ಸಾಹೇಬರ ಕಿವಿಯಲ್ಲಿದ್ದ ಹೆಡ್‌ಸೆಟ್ಟಿನಿಂದ ನನಗೂ ಕೇಳಿಸಿತು. ‘ಯಾರ್ರೀ’ ಎನ್ನಲಿಲ್ಲ ಪಾಪಿ.

ಹೊನ್ನಮ್ಮನ ತುಟಿ ಅಲುಗಿತು. ಶಬ್ದ ಬರಲಿಲ್ಲ. ಅವಳು ಮನಸ್ಸಿನೊಳಗೆ ಎಲ್ಲಿ ಸಿಕ್ಕಿಬಿದ್ದಳೆಂದು ನನಗೆ ಗೊತ್ತಿತ್ತು. ಘಟ್ಟ ಇಳಿದು ಮನೆಗೆ ಬಂದವರು. ಬಂದೇ ಇಲ್ಲವಲ್ಲ ಅವನು. ಸಾಹೇಬರು ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳು ಫೇಲಾಗುತ್ತಿದ್ದಳು, ಇನ್ನೊಬ್ಬಳನ್ನು ಹುಡುಕುತ್ತಿದ್ದರು, ಹೊಸಬಳು ಬಂದು ಕಲಿಯುವಷ್ಟರಲ್ಲಿ ಯುಗಾದಿ ದಾಟುತ್ತಿತ್ತು, ಅಲ್ಲಿಯ ತನಕ ನಾನು ಈ ಕುರ್ಚಿಯಲ್ಲೇ ಇರುತ್ತಿದ್ದೆ. ಇದೆಲ್ಲ ಆಗ ಹೊಳೆಯಿತೋ ಈಗ ಬರೆಯುವಾಗ ಹೊಳೆಯುತ್ತಿದೆಯೋ ತಿಳಿಯದು. ನಾನು ಬಾಗಿಲ ಕಡೆ ತಿರುಗಿ, ಹೊರಗೆ ಯಾರೋ ಬಂದಿದ್ದಾರೆ ಎಂಬ ಹಾಗೆ, ಹುಬ್ಬಳ್ಳಿಯವರ ಧಾಟಿಯಲ್ಲೇ ಗಟ್ಟಿಯಾಗಿ ಕೇಳಿದೆ.

“ಯಾರ್ರೀ?”

“ಮಹಾಬಲೇಶ್ವರ,” ಎಂದಳು ಹೊನ್ನಮ್ಮ. ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಪ್ಲಗ್ಗಿನ ಮೇಲೆ ಸ್ಥಿರವಾಗಿತ್ತು. ಸಾಹೇಬರು ಹಿಂದೆ ತಿರುಗಿ ಪರೀಕ್ಷೆ ನಡೆಯುವಾಗ ಬಂದವರನ್ನು ಹೊರಗೆ ಕಳಿಸಬೇಕೆಂದು ನನಗೆ ಬುದ್ಧಿ ಹೇಳಿದರು. ಆಮೇಲೆ ಪಾಸು ಎಂದು ಬರೆದರು.

ನಾಲ್ಕು ಗಂಟೆಗೆ ಅವಳ ಗಂಡ ಬಂದ. ಮೈಯೆಲ್ಲ ಕೆಸರು. ರಸ್ತೆ ತೆರೆಯುವ ತನಕ ಎರಡು ದಿನ ಘಟ್ಟದ ಮೇಲೆಯೇ ನಿಂತಿದ್ದನಂತೆ. ಅವನು ಕಟಕಟೆಯ ಹತ್ತಿರ ನಿಂತು ಹೊನ್ನಮ್ಮ ಇದ್ದಾಳಾ ಎಂದು ಕೇಳಿದ. ಅವನಿಗೆ ಹೆಂಡತಿಯ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ. ಅವಳು ಬೋರ್ಡು ಬಿಟ್ಟು ಓಡಿದಳು, ನಾನು ಕೂತೆ. ಹೂಜಿಯಿಂದ ಒಂದು ತಂಬಿಗೆ ನೀರು ತೆಗೆದುಕೊಂಡು ಹೋದದ್ದು ನೋಡಿದೆ.

೧೫ ಅಕ್ಟೋಬರ್

ಮೂವತ್ತೊಂದಕ್ಕೆ ಬಿಡುಗಡೆ. ಮಾಸ್ತರರು ಕೈ ಮುಗಿದು ನಕ್ಕರು, ಗೆದ್ದಿರಿ ದೇವಿಬಾಯಿ ಎಂದರು.

ಗೆದ್ದೆ.

೨೪ ಅಕ್ಟೋಬರ್, ಶನಿವಾರ

ಧಾರವಾಡಕ್ಕೆ ಹೋಗಿ ಬಂದ ಭಾವನವರ ಕೈಯಲ್ಲಿ ಇವರು ಹೇಳಿ ಕಳಿಸಿದ್ದಾರೆ. ರಾಜೀನಾಮೆ ಮರೆಯದೆ ಕೊಟ್ಟು ಬರಬೇಕು, ಬರುವಾಗ ದೊಡ್ಡ ಹಂಡೆ ತರಬೇಕು, ಅಲ್ಲಿ ಜನ ಜಾಸ್ತಿ.

ರಾಜೀನಾಮೆ ಬರೆಯಲು ಕೂತೆ. ಎರಡು ಸಾಲಿನ ಕೆಲಸ. ಮಾನ್ಯರೇ ಎಂದು ಬರೆದು ಮುಂದೆ ಹೋಗಲಿಲ್ಲ. ಹೊನ್ನಮ್ಮನಿಗೆ ಇನ್ನೂ ಬಾಕಿ ಇದ್ದದ್ದು ನೆನಪಾಯಿತು, ಮಳೆಗಾಲದಲ್ಲಿ ಲೈನು ಗರಗರ ಎಂದಾಗ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿಸಿಕೊಳ್ಳಬೇಕೆಂದು ಹೇಳಿಕೊಟ್ಟಿರಲಿಲ್ಲ. ಸೋಮವಾರ ಹೇಳಬೇಕು. ಧಾರವಾಡದ ಬೋರ್ಡು ದೊಡ್ಡದಂತೆ, ಎಂಟು ಹತ್ತು ಹುಡುಗಿಯರು ಸಾಲಾಗಿ ಕೂರುತ್ತಾರಂತೆ. ಅಲ್ಲಿ ಹೊಸಬರಿಗೆ ಯಾರು ಕಲಿಸುತ್ತಾರೋ.

೨೮ ಅಕ್ಟೋಬರ್

ಹಂಡೆ ತೊಳೆದಿಟ್ಟೆ. ಅತ್ತೆ ಅದನ್ನು ಎತ್ತಿ ವಾಪಸು ಅಟ್ಟದ ಮೇಲೆ ಇಟ್ಟರು. ಅದು ಈ ಮನೆಯದ್ದು ಎಂದರು.

೩೧ ಅಕ್ಟೋಬರ್, ಶನಿವಾರ

ಮಧ್ಯಾಹ್ನ ಮಾಸ್ತರರು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ರಾಜೀನಾಮೆ ಕೊಡುವವರಿದ್ದೀರಂತಲ್ಲ, ನಿಮ್ಮ ಭಾವ ಸಿಕ್ಕಾಗ ಹೇಳಿದರು ಎಂದರು. ಒಂದು ಗಳಿಗೆ ತಡೆಯಿರಿ ಎಂದೆ. ಹೊರಗೆ ಹೋಗಿ, ಎಲ್ಲರ ಹಾಗೆ ಕಟಕಟೆಯ ಈಚೆ ನಿಂತು, ಧಾರವಾಡಕ್ಕೆ ಒಂದು ಪಿ.ಪಿ. ಕಾಲ್ ಬುಕ್ ಮಾಡಿದೆ. ಐದು ವರ್ಷ ಆ ಬದಿಯಲ್ಲಿ ಕೂತವಳು ಈ ಬದಿಯಲ್ಲಿ ನಿಂತದ್ದು ಇದೇ ಮೊದಲು. ಸಾರ್ವಜನಿಕರ ಫೋನಿನ ಹತ್ತಿರ ಹೋಗಿ ರಿಸೀವರ್ ಎತ್ತಿದೆ. ಒಳಗೆ ಬೋರ್ಡಿನಲ್ಲಿ ಹೊನ್ನಮ್ಮ ಒಬ್ಬಳೇ. ನನ್ನ ಧ್ವನಿ ಗುರುತು ಹಿಡಿದರೂ ನಾನು ಕಲಿಸಿದ ಹಾಗೆಯೇ ನಡೆದುಕೊಂಡಳು. ಧಾರವಾಡದ ಕಾಲೂ ಹುಬ್ಬಳ್ಳಿಯ ಮೇಲೆಯೇ ಹೋಗುವುದು, ಹುಬ್ಬಳ್ಳಿಗೆ ಲೈನು ಜೋಡಿಸಿದಳು. ಆ ಕಡೆಯಿಂದ ಪಾಂಡು ಕೇಳಿದ, “ಯಾರ್ರೀ?”

ಬುಕಿಂಗ್ ಚೀಟಿಯಲ್ಲಿ ನಾನು ಬಿ.ವಿ. ನಾಯಕ ಎಂದಷ್ಟೇ ಬರೆಸಿದ್ದೆ, ಹೊನ್ನಮ್ಮನಿಗೆ ಪೂರ್ತಿ ಹೆಸರು ಗೊತ್ತಿಲ್ಲ. ನಾನೇ ಹೇಳಬೇಕಾಯಿತು.

“ಬೀರಣ್ಣ ನಾಯಕ. ಸಹಕಾರಿ ಸಂಘದ ಆಫೀಸು.”

ಅವರು ಲೈನಿಗೆ ಬಂದು ಯಾರು ಮಾತಾಡೂದು ಎಂದು ಕೇಳಿದರು. ದೇವಿ ಎಂದೆ. ಗಾಬರಿಯಾದರು, ಮನೆಯಲ್ಲಿ ಏನಾಯಿತೆಂದು ಕೇಳಿದರು. ಏನೂ ಆಗಿಲ್ಲ ಎಂದೆ.

“ನಾ ಸೋಮವಾರ ಧಾರವಾಡ ಎಕ್ಸ್‌ಚೇಂಜಿಗೆ ಹಾಜರಾಗ್ತೆ. ರಾಜೀನಾಮೆ ಕೊಡೂದಿಲ್ಲ. ಹುಡುಗರ ಬುತ್ತಿಗೆ ಬೇರೆ ಎಂತಾದ್ರೂ ಮಾಡ್ಕಣಿ.”

ಮನೆಗೆ ಬಾ, ಮಾತಾಡುವ ಎಂದರು. ಮಾತಾಡುವ, ಹಾಜರಾದ ಮೇಲೆ ಎಂದೆ. ಅಣ್ಣನಿಗೆ ಏನು ಹೇಳಲಿ, ಅಕ್ಕನಿಗೆ ಏನು ಹೇಳಲಿ ಎಂದೆಲ್ಲ ಹೇಳತೊಡಗಿದರು. ಹೆದರಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಬಹಳ ಹೆದರಿಕೆಯಾಗಿತ್ತು. ಅಷ್ಟರಲ್ಲಿ ಪಾಂಡು ನಡುವೆ ಬಂದ.

“ಮೂರು ನಿಮಿಷ ಆತ್ರೀ. ಮುಂದ ಬೇಕೇನ್ರೀ?”

“ಸಾಕು,” ಎಂದೆ.

ಮಾಸ್ತರರು ಬಿಡುಗಡೆಯ ಕಾಗದ ಮಡಚಿ ಕೈಗೆ ಕೊಟ್ಟರು. ಹೊನ್ನಮ್ಮನಿಗೆ ಹೇಳಿ ಹೋಗೋಣವೆಂದು ಒಳಗೆ ಹೋದೆ. ಅವಳು ಹೆಡ್‌ಸೆಟ್ ತೆಗೆಯುವಂತಿರಲಿಲ್ಲ, ವೈರಿನ ಅಳತೆಗೆ ಎದ್ದು ನಿಂತು ನನ್ನ ಕೈ ಹಿಡಿದಳು. ನೀವು ಒಡಪು ಹೇಳಲೇ ಇಲ್ಲ ಅಕ್ಕಾ, ಬರೀ ಹೆಸರು ಹೇಳಿಬಿಟ್ಟಿರಿ ಎಂದಳು. ನಗುತ್ತಿರಲಿಲ್ಲ.

ಹೌದಲ್ಲ, ನೆನಪೇ ಆಗಲಿಲ್ಲ ಎಂದೆ.

ಅಷ್ಟರಲ್ಲಿ ಗಿರಣಿಯ ಮುಚ್ಚಳ ಬಿತ್ತು. ಅವಳು ಕೂತಳು. ನಾನು ಹೂಜಿಯನ್ನು ಮೂಲೆಯಿಂದ ಎತ್ತಿ ಅವಳ ಕೈಗೆ ಸಿಗುವ ಹಾಗೆ ಕುರ್ಚಿಯ ಪಕ್ಕದಲ್ಲಿ ಇಟ್ಟು ಬಂದೆ.